ಪದಕ ನಿರ್ಧಾರವಾಗುವುದು ಬಂಡೆಯ ಬೆನ್ನಿಗೆ

2021ರ ಜುಲೈನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಕಯಾಕ್ ಸ್ಲಾಲಂ ಫೈನಲ್. ರಭಸದ ನೀರಿನ ಮೇಲೆ ತೂಗುವ ಕಂಬಗಳ ನಡುವೆ ಕಯಾಕ್ ಎಂಬ ಕಿರುದೋಣಿಯನ್ನು ನುಸುಳಿಸುವ ಸ್ಪರ್ಧೆ ಇದು. ಜರ್ಮನಿಯ ರಿಕಾರ್ಡಾ ಫುಂಕ್‌ಗೆ 105.50 ಸೆಕೆಂಡಿನಲ್ಲಿ ಚಿನ್ನ, ಸ್ಪೇನಿನ ಮಯಾಲೆನ್ ಚೌರೌಟ್‌ಗೆ 106.63ರಲ್ಲಿ ಬೆಳ್ಳಿ, ಆಸ್ಟ್ರೇಲಿಯಾದ ಜೆಸ್ಸಿಕಾ ಫಾಕ್ಸ್‌ಗೆ 106.73ರಲ್ಲಿ ಕಂಚು. ಆದರೆ ಫಾಕ್ಸ್ ಗುರಿ ಮುಟ್ಟಿದ್ದು 102.73 ಸೆಕೆಂಡಿಗೆ! ಮಿಕ್ಕ 4 ಸೆಕೆಂಡು ದಂಡ, ಎರಡು ಬಾರಿ ಕಂಬಕ್ಕೆ ತಗುಲಿದ್ದಕ್ಕೆ ತಲಾ 2.

ಇದನ್ನು ತೋಳ್ಬಲದ ಆಟ, ನೀರಿನ ಜೊತೆಗಿನ ಗುದ್ದಾಟ ಎಂದು ವರ್ಣಿಸುವವರನ್ನು ಕಂಡರೆ ತಾಳ್ಮೆ ಕೆಡುತ್ತದೆ. ಸೆಕೆಂಡಿಗೆ 10ರಿಂದ 14 ಘನಮೀಟರ್, ಅಂದರೆ 10ರಿಂದ 14 ಟನ್ ನೀರು ಧುಮ್ಮಿಕ್ಕುವ ಕಾಲುವೆಯ ಜೊತೆ ಯಾವ ತೋಳು ಗುದ್ದಾಡೀತು? ಗೆಲ್ಲುವವರು ತಿರುಗುವ ಕೆಲಸವನ್ನು ನೀರಿನಿಂದಲೇ ಮಾಡಿಸುತ್ತಾರೆ. ಅದು ಹೇಗೆ ಎಂಬುದೇ ಈ ಆಟದ ಅತ್ಯಂತ ಸೊಗಸಾದ ಭಾಗ.

ಹರಿವಿನ ಮೇಲೆ ತಂತಿಯಿಂದ ಜೋಡಿ ಕಂಬಗಳು ತೂಗುತ್ತಿರುತ್ತವೆ. ಒಂದು ಜೋಡಿಯೆಂದರೆ ಒಂದು ಗೇಟು. ಒಟ್ಟು 18ರಿಂದ 25 ಗೇಟುಗಳು. ಹಸಿರು-ಬಿಳಿ ಪಟ್ಟೆಯದನ್ನು ಹರಿವಿನ ಜೊತೆಗೆ, ಕೆಂಪು-ಬಿಳಿಯದನ್ನು ಹರಿವಿಗೆ ಎದುರಾಗಿ ದಾಟಬೇಕು. ಗೇಟು ತಪ್ಪಿದರೆ 50 ಸೆಕೆಂಡು ದಂಡ, ಅಲ್ಲಿಗೆ ಪದಕದ ಮಾತು ಮುಗಿಯಿತು.

ನೋಡಬೇಕಾದ್ದು ಕೆಂಪು ಗೇಟನ್ನು. ಅದು ಸಾಮಾನ್ಯವಾಗಿ ಬಂಡೆ ಅಥವಾ ದಿಮ್ಮಿಯ ಕೆಳಬದಿಯಲ್ಲಿ ಇರುತ್ತದೆ. ರಭಸದಿಂದ ಬಂದ ನೀರು ಬಂಡೆಯ ಮೂಲೆಯಲ್ಲಿ ಥಟ್ಟನೆ ಹೊರಳಲಾರದೆ ನೇರ ಮುಂದೆ ಹೋಗಿಬಿಡುತ್ತದೆ. ಬಂಡೆಯ ಬೆನ್ನಿಗೆ ನೀರಿನ ಮಟ್ಟ ತುಸು ತಗ್ಗುತ್ತದೆ. ಆ ತಗ್ಗನ್ನು ತುಂಬಲು ಮುಂದೆ ಹೋದ ನೀರು ಹಿಂದಕ್ಕೆ, ಹರಿವಿಗೆ ಎದುರಾಗಿ ಹರಿದು ಬರುತ್ತದೆ. ದೋಣಿಯವರು ಇದನ್ನು ಎಡ್ಡಿ ಎನ್ನುತ್ತಾರೆ. ಕನ್ನಡದಲ್ಲಿ ‘ಸುಳಿ’ ಎಂದೊಡನೆ ಮನುಷ್ಯನನ್ನು ತಳಕ್ಕೆಳೆದು ನುಂಗುವ ಭೂತ ಕಣ್ಣ ಮುಂದೆ ಬರುತ್ತದೆ. ಎಡ್ಡಿಯ ಸ್ವಭಾವ ಬೇರೆ, ಅದು ಓಡುವ ನದಿಯಲ್ಲಿ ದೋಣಿ ನಿಲ್ಲಿಸಿ ಉಸಿರಾಡುವ ಜಾಗ. ನಿಜವಾಗಿ ಹೆದರಬೇಕಾದ್ದು ನೀರು ಧುಮುಕಿದ ಕಡೆ ಅಡ್ಡಲಾಗಿ ಉರುಳುತ್ತಲೇ ಇರುವ ನೊರೆಯ ಸುರುಳಿಗೆ. ಅದು ದೋಣಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈಗ ಹರಿವು ಕೆಳಕ್ಕೆ ಸೆಕೆಂಡಿಗೆ 3 ಮೀಟರ್, ಎಡ್ಡಿ ಮೇಲಕ್ಕೆ 1 ಮೀಟರ್ ಎಂದಿಟ್ಟುಕೊಳ್ಳಿ. ನಡುವಿನ ಅಂಚಿನಲ್ಲಿ ವೇಗದ ವ್ಯತ್ಯಾಸ 4 ಮೀಟರ್. ಮೂರೂವರೆ ಮೀಟರ್ ಉದ್ದದ ಕಯಾಕಿನ ಮೂತಿ ಎಡ್ಡಿಯೊಳಗೆ ಹೊಕ್ಕಿತು, ಬಾಲ ಇನ್ನೂ ಹರಿವಿನಲ್ಲಿದೆ. ಮೂತಿಯನ್ನು ಮೇಲಕ್ಕೆ ತಳ್ಳುವ ನೀರು, ಬಾಲವನ್ನು ಕೆಳಕ್ಕೆ ಎಳೆಯುವ ನೀರು. ಒಂದು ಚಕ್ರ ಕೆಸರಿನಲ್ಲಿ ಸಿಕ್ಕ ಗಾಡಿ ಗಿರಕ್ಕನೆ ತಿರುಗುವಂತೆ, ಎರಡು ಅಂಗೈಗಳ ನಡುವೆ ಕಡ್ಡಿ ಹೊಸೆದಂತೆ, ದೋಣಿ ತಾನಾಗಿ ಹೊರಳುತ್ತದೆ. ಆ ಕ್ಷಣ ಆಟಗಾರ್ತಿ ಹುಟ್ಟಿನ ಅಲಗನ್ನು ಮೂತಿಯ ಪಕ್ಕ ಎಡ್ಡಿಯ ನೀರಿಗೆ ನೆಟ್ಟಗೆ ಇಳಿಸಿ, ಮೇಲಿನ ಕೈಯನ್ನು ಹಣೆಯ ಎತ್ತರಕ್ಕೆ ಹಿಡಿದು, ಸುಮ್ಮನೆ ಕಾಯುತ್ತಾಳೆ. ಬಾಗಿಲಿಗೆ ಕೀಲು ಸಿಕ್ಕಂತಾಯಿತು. 1950ರ ದಶಕದ ಸ್ಲಾಲಂ ಆಟಗಾರ ಮಿಲೊ ಡುಫೆಕ್ ಹೆಸರಿನಲ್ಲಿ ಇದು ಡುಫೆಕ್ ಪಟ್ಟು. ಮೈ ಮಾತ್ರ ತಿರುವಿನ ಒಳಬದಿಗೆ ವಾಲಿರಬೇಕು, ಸೈಕಲ್ ಸವಾರನ ಹಾಗೆ. ಹೊರಕ್ಕೆ ವಾಲಿದರೆ ಎದುರು ಬರುವ ನೀರು ದೋಣಿಯ ಅಂಚನ್ನು ಹತ್ತಿ ಮಗುಚಿಹಾಕುತ್ತದೆ.

ಇನ್ನೊಂದು ಉಪಾಯವಿದೆ. ದೋಣಿಯ ಹಿಂಭಾಗ ಚಪ್ಪಟೆ. ತುಸು ಹಿಂದಕ್ಕೆ ಒರಗಿದರೆ ಅದು ನೀರಿನಡಿಗೆ ಜಾರಿ ಮೂತಿ ಮೇಲೇಳುತ್ತದೆ. ನೀರಿನಲ್ಲಿ ತಿರುಗುವ ಹಲಗೆಗೆ ಎದುರಾಗುವ ತಡೆ, ತಿರುಗುವ ವೇಗ ಅಷ್ಟೇ ಇದ್ದರೆ, ಉದ್ದದ ನಾಲ್ಕನೇ ಘಾತದಂತೆ ಏರುತ್ತದೆ. ಏಕೆಂದರೆ ತುದಿ ದೂರವಾದಷ್ಟೂ ಅದರ ವೇಗ ಹೆಚ್ಚು, ತಡೆಯ ಬಲ ವೇಗದ ವರ್ಗದಷ್ಟು, ಆ ಬಲದ ಸನ್ನೆಯೂ ಉದ್ದ, ನೀರಿಗೆ ಎದುರಾಗುವ ಹಲಗೆಯೂ ಹೆಚ್ಚು. ಉದ್ದ ಅರ್ಧವಾದರೆ ತಡೆ ಹದಿನಾರರಲ್ಲೊಂದು! ಮೂತಿ ಎತ್ತಿದ ದೋಣಿ ಬುಗುರಿಯಂತೆ ತಿರುಗುವುದು ಇದಕ್ಕೇ. ಬಾಲ ಅತಿಯಾಗಿ ಮುಳುಗಿದರೆ ದೋಣಿ ಲಂಬವಾಗಿ ಎದ್ದು ನಿಂತು, ಮುಂದಿನ ಓಟವೆಲ್ಲ ಅಲ್ಲೇ ಸತ್ತುಹೋಗುತ್ತದೆ.

ಗೇಟುಗಳ ಜೋಡಣೆಯನ್ನು ಆಟಗಾರರು ದಡದಿಂದ ನೋಡಿ ಮನಸ್ಸಿನಲ್ಲಿ ಬರೆದುಕೊಳ್ಳಬೇಕು, ಅದೇ ಜೋಡಣೆಯಲ್ಲಿ ಅಭ್ಯಾಸಕ್ಕೆ ಅವಕಾಶವಿಲ್ಲ. ಆದರೆ ನೀರಿನ ಪರಿಚಯ ಬೇರೆ ಮಾತು. 1972ರಲ್ಲಿ ಸ್ಲಾಲಂ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂದಾಗ ಪಶ್ಚಿಮ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕೃತಕ ಕಾಲುವೆ ಕಟ್ಟಿದರು. ಪೂರ್ವ ಜರ್ಮನಿ ತನ್ನ ನೆಲದ ತ್ಸ್ವಿಕಾವ್‌ನಲ್ಲಿ ಅದರ ನಕಲನ್ನೇ ಕಟ್ಟಿಕೊಂಡು ತಾಲೀಮು ನಡೆಸಿತು. ನಾಲ್ಕಕ್ಕೆ ನಾಲ್ಕೂ ಚಿನ್ನ ಅದರ ಪಾಲಾದವು. ಆಮೇಲೆ 1992ರವರೆಗೆ ಈ ಆಟಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಸಿಗಲಿಲ್ಲ.

ಮತ್ತೆ ಆ 2 ಸೆಕೆಂಡಿಗೆ ಬರೋಣ. ತಿರುವು ಬಿಗಿಯಾಗಲೆಂದು ಒಳಗಂಬದ ಸಮೀಪದಲ್ಲೇ ಹೋಗಬೇಕು. ದೂರ ಹೋದರೆ ಸಮಯ ಸೋರುತ್ತದೆ, ತೀರಾ ಹತ್ತಿರ ಹೋದರೆ ಬೆನ್ನೋ ಬಾಲವೋ ಹುಟ್ಟಿನ ತುದಿಯೋ ತಾಗುತ್ತದೆ. ಕಂಬ ತಾಗಿದ್ದಕ್ಕೆ ಅಲುಗಿತೇ, ಗಾಳಿಗೋ ನೀರ ಸಿಡಿತಕ್ಕೋ ಅಲುಗಿತೇ ಎಂದು ತೀರ್ಪುಗಾರರು ಮತ್ತೆ ಮತ್ತೆ ನೋಡುತ್ತಾರೆ. 2004ರ ಅಥೆನ್ಸ್‌ನಲ್ಲಿ ಪುರುಷರ ಕೆನೂ (ಮೊಣಕಾಲೂರಿ ಒಂದೇ ಅಲಗಿನ ಹುಟ್ಟು ಹಾಕುವ ದೋಣಿ) ಸ್ಪರ್ಧೆಯಲ್ಲಿ ಸ್ಲೊವಾಕಿಯಾದ ಮಿಖಾಲ್ ಮಾರ್ಟಿಕಾನ್‌ಗೆ ಬಿದ್ದ ಇಂಥದೊಂದು ದಂಡದಿಂದ ಚಿನ್ನ ಫ್ರಾನ್ಸಿನ ತೋನಿ ಎಸ್ತಾಂಗೆಗೆ ಹೋಯಿತು. ಎಸ್ತಾಂಗೆಯ ಒಟ್ಟು ಸಮಯ 189.16 ಸೆಕೆಂಡು, ಮಾರ್ಟಿಕಾನ್‌ನದು 189.28.