ಕುದುರೆ ಲದ್ದಿ ಹಳೆಯದಾದರೆ ಸಾಲದು, ಕಳಿತಿರಬೇಕು

"ಸರ್, ಎರಡು ವರ್ಷದ ಹಳೇ ಲದ್ದಿ ಗೊಬ್ಬರ ಹಾಕಿದ್ದೀವಿ. ಆದ್ರೂ ಟೊಮೆಟೊ ಗಿಡ ಹಳದಿ ಆಗ್ತಿದೆ."

ಬೆಂಗಳೂರಿನ ಒಂದು ತಾರಸಿ ತೋಟದಲ್ಲಿ ಈ ಮಾತು ಕೇಳಿ, ಮೂಲೆಯಲ್ಲಿದ್ದ ಗೊಬ್ಬರದ ಚೀಲ ಬಿಚ್ಚಿಸಿದೆ. ಲದ್ದಿ ಇನ್ನೂ ಉಂಡೆ ಉಂಡೆಯಾಗಿಯೇ ಇತ್ತು. ಒಂದನ್ನು ಮುರಿದರೆ ಒಳಗೆ ಹುಲ್ಲಿನ ಎಳೆಗಳು ಎಣಿಸುವಂತೆ ಕಂಡವು. ಸುತ್ತ ತುಂಬಿದ್ದ ಮರದ ಹೊಟ್ಟಿನ ಬಣ್ಣ ಕೂಡ ಮಾಸಿರಲಿಲ್ಲ.

ಎರಡು ವರ್ಷ ಅದು ಸುಮ್ನೆ ಒಣಗಿತ್ತು, ಅಷ್ಟೆ. ತೇವ ಇಲ್ಲದೆ ಯಾವ ಗೊಬ್ಬರವೂ ಕಳಿಯುವುದಿಲ್ಲ. ಲಾಯದಲ್ಲಿ ಕುದುರೆಯ ಕಾಲಡಿಗೆ ಹಾಸುವ ಈ ಹೊಟ್ಟೇ ದೊಡ್ಡ ತೊಂದರೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಸಾಲದೆ ಬಂದರೆ ಕುಂಡದ ಮಣ್ಣಿನಲ್ಲಿರುವುದನ್ನೇ ಎಳೆದುಕೊಳ್ಳುತ್ತವೆ. ಗಿಡ ಉಪವಾಸ ಬೀಳುತ್ತದೆ, ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ.

ಇನ್ನೊಂದು ವಿಷಯ. ಹಸು ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ಹಾಗಾಗಿ ಸಗಣಿಗಿಂತ ಲದ್ದಿಯಲ್ಲಿ ನಾರು ಜಾಸ್ತಿ, ಮೊಳೆಯುವ ಕಳೆ ಬೀಜವೂ ಜಾಸ್ತಿ. ರಾಶಿ ಬಿಸಿಯಾದರೇನೇ ಆ ಬೀಜ ಸಾಯುವುದು.

ನಾನು ಮಾಡಿಸುವ ರೀತಿ ಹೀಗೆ. ಲದ್ದಿಯನ್ನು ನೆನೆಸಿ, ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಮಾಡಿ. ಮೂರ್ನಾಲ್ಕು ಅಡಿ ಅಗಲ, ಸೊಂಟದೆತ್ತರ ರಾಶಿ ಹಾಕಿ. ಹೊಟ್ಟು ಜಾಸ್ತಿ ಇದ್ದರೆ ಸಗಣಿ ಬಗ್ಗಡವನ್ನೋ ಹೊಂಗೆ ಹಿಂಡಿಯನ್ನೋ ಬೆರೆಸಿ. ನಾಲ್ಕು ದಿನ ಬಿಟ್ಟು ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷದ ಮೇಲೆ ಎಳೆದು ಹಿಡಿದು ನೋಡಿ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ಒಳಗೆ 55-60 ಡಿಗ್ರಿ ಇದೆ ಅಂತ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಅಂಚಿನದು ಒಳಗೆ ಹೋಗುವಂತೆ ಮಗುಚಿ. ನಾಲ್ಕರಿಂದ ಆರು ತಿಂಗಳು ಬೇಕಾಗುತ್ತದೆ.

ಮಗುಚುವಾಗ ದಪ್ಪನೆಯ ಬಿಳಿ ಹುಳು ಸುರುಳಿ ಬಿದ್ದಿದ್ದರೆ ಹೆಕ್ಕಿ ತೆಗೆಯಿರಿ. ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಗಳು ಬೆಳೆಯುವುದೇ ಇಂಥ ತಿಪ್ಪೆಯಲ್ಲಿ. ಕೈಗವಸು ಮರೆಯಲೇಬೇಡಿ. ಕುದುರೆ ಲದ್ದಿಯಲ್ಲಿ ಧನುರ್ವಾಯು ರೋಗಾಣು ಇರಬಹುದು. ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟಬೇಡಿ, ಟಿಟಿ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಅಂತಲೂ ನೋಡಿಕೊಳ್ಳಿ.

ಕಳಿತ ಲದ್ದಿ ಕಪ್ಪಗಿರುತ್ತದೆ, ಉದುರು ಉದುರಾಗಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅನುಮಾನವಿದ್ದರೆ ಅರ್ಧ ಮಣ್ಣು ಬೆರೆಸಿ ಹತ್ತು ಮೆಂತ್ಯ ಕಾಳು ಬಿತ್ತಿ. ಎಂಟಾದರೂ ಹುಟ್ಟಿ, ವಾರವಾದರೂ ಹಸಿರಾಗಿಯೇ ನಿಂತರೆ ಕುಂಡಕ್ಕೆ ಹಾಕಬಹುದು. ಆಗಲೂ ಕುಂಡದ ಮಣ್ಣಿನಲ್ಲಿ ಕಾಲು ಪಾಲು ಸಾಕು.

ಆ ಮನೆಯವರ ಚೀಲಗಳನ್ನೆಲ್ಲ ಹಿತ್ತಲಲ್ಲಿ ಸುರಿದು ನೆನೆಸಿದ್ದೇವೆ. ಟೊಮೆಟೊಗೆ ಸದ್ಯಕ್ಕೆ ಹೊಂಗೆ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ವಾರಕ್ಕೊಮ್ಮೆ ಕೊಡಿ ಎಂದಿದ್ದೇನೆ.