ಟೋಕನ್ ಸರಿ ಇದೆ ಅಂದಮಾತ್ರಕ್ಕೆ ಡೇಟಾ ಕೊಟ್ಬಿಡ್ಬೇಡಿ

ಸರ್ವರ್‌ಲೆಸ್ (ಸರ್ವರ್ ನಾವು ನಡೆಸದೆ ಕೋಡ್ ಮಾತ್ರ ಕ್ಲೌಡ್‌ಗೆ ಕೊಡೋ ಪದ್ಧತಿ) ಅಂದ್ರೆ ಸೆಕ್ಯುರಿಟಿನೂ ಕ್ಲೌಡ್ ಕಂಪನಿನೇ ನೋಡ್ಕೊಳತ್ತೆ ಅಂತ ತುಂಬಾ ಟೀಮ್‌ಗಳು ನಂಬ್ಕೊಂಡಿರ್ತಾವೆ. ಅವ್ರು ನೋಡ್ಕೊಳೋದು ಮಷೀನು, ಓಎಸ್ ಪ್ಯಾಚು, ರನ್‌ಟೈಮು. ನಿಮ್ಮ ಎಪಿಐನ (ಬೇರೆ ಪ್ರೋಗ್ರಾಮ್‌ಗಳು ನಿಮ್ಮ ಸರ್ವಿಸ್ ಕರೆಯೋ ದಾರಿ) ಯಾರು ಕರೀಬಹುದು, ಕರೆದವ್ರಿಗೆ ಏನು ಕೊಡ್ಬೇಕು ಅನ್ನೋದು ಪೂರ್ತಿ ನಿಮ್ಮ ಜವಾಬ್ದಾರಿ.

ಮೊದಲು ಎಪಿಐ ಕೀ ವಿಷ್ಯ. ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸ್‌ನಲ್ಲಿ ಕಾಲ್‌ಗಳನ್ನ ಮೊದ್ಲು ತಗೊಳೋ ಎಪಿಐ ಗೇಟ್‌ವೇನಲ್ಲಿ ಕೀ ಇರೋದು ಯಾವ ಕ್ಲೈಂಟ್ ಎಷ್ಟು ಕಾಲ್ ಮಾಡ್ತಿದೆ ಅಂತ ಲೆಕ್ಕ ಇಡೋಕೆ, ಮಿತಿ ಹಾಕೋಕೆ. ಅದು ಲಾಗಿನ್ ಅಲ್ಲ. ಬ್ರೌಸರ್‌ನಲ್ಲಿ ಓಡೋ ಕೋಡ್‌ಗೆ ಕೀ ಹಾಕಿದ್ರೆ ನೆಟ್‌ವರ್ಕ್ ಟ್ಯಾಬ್ ತೆಗೆದವ್ರಿಗೆಲ್ಲ ಕಾಣತ್ತೆ. ಒಂದು ಸರ್ವಿಸ್ ಇನ್ನೊಂದನ್ನ ಕರೀತಿದ್ರೆ ಐಎಎಂ (ಎಡಬ್ಲ್ಯುಎಸ್‌ನ ಅನುಮತಿ ವ್ಯವಸ್ಥೆ) ಸಹಿ ಬಳಸಿ, ಅದ್ರಲ್ಲಿ ಸೀಕ್ರೆಟ್ ಕೀ ನೆಟ್‌ವರ್ಕ್ ಮೇಲೆ ಹೋಗೋದೇ ಇಲ್ಲ, ಅದ್ರಿಂದ ಲೆಕ್ಕ ಹಾಕಿದ ಸಹಿ ಮಾತ್ರ ಹೋಗತ್ತೆ, ಹಳೇ ಟೈಮ್ ಇರೋ ರಿಕ್ವೆಸ್ಟ್ ರಿಜೆಕ್ಟ್ ಆಗತ್ತೆ. ಮನುಷ್ಯರು ಲಾಗಿನ್ ಆಗೋ ಕಡೆ ಜೆಡಬ್ಲ್ಯುಟಿ, ಅಂದ್ರೆ ಲಾಗಿನ್ ಆದವ್ರಿಗೆ ಕೊಡೋ, ಸಹಿ ಇರೋ ಟೋಕನ್. ಅದನ್ನ ಡಿಕೋಡ್ ಮಾಡೋದು ಯಾರಾದ್ರೂ ಮಾಡ್ತಾರೆ, ನೀವು ಸಹಿ, ಕೊಟ್ಟವ್ರು ಯಾರು, ಯಾರಿಗೋಸ್ಕರ ಕೊಟ್ಟಿದ್ದು, ಅವಧಿ ಮುಗಿದಿದ್ಯಾ ಅಂತ ನಾಲ್ಕೂ ನೋಡ್ಬೇಕು, ಯಾವ ಅಲ್ಗಾರಿದಮ್ ಅಂತ ಟೋಕನ್ ಹೇಳಿದ್ದನ್ನ ನಂಬದೆ ನೀವೇ ಫಿಕ್ಸ್ ಮಾಡಿಟ್ಟಿರ್ಬೇಕು.

ನಾನು ರಿವ್ಯೂ ಮಾಡುವಾಗ ಮೊದ್ಲು ತೆಗೆದು ನೋಡೋದು ಲ್ಯಾಂಬ್ಡಾ ಆಥರೈಸರ್‌ನ (ಕರೆದವ್ರನ್ನ ಬಿಡ್ಬೇಕಾ ಬೇಡ್ವಾ ಅಂತ ಗೇಟ್‌ವೇಗೆ ಹೇಳೋ ನಿಮ್ಮ ಫಂಕ್ಷನ್) ಕ್ಯಾಶ್, ಅಂದ್ರೆ ಆ ಉತ್ತರನ ಗೇಟ್‌ವೇ ಎಷ್ಟು ಹೊತ್ತು ನೆನಪಿಟ್ಕೊಳತ್ತೆ ಅನ್ನೋದು. ರೆಸ್ಟ್ ಎಪಿಐನಲ್ಲಿ ಅದು ಡೀಫಾಲ್ಟ್ ಆಗಿ 300 ಸೆಕೆಂಡ್, ಹೆಚ್ಚಂದ್ರೆ 3600. ಟೋಕನ್ ಆಥರೈಸರ್ ಆದ್ರೆ ಕ್ಯಾಶ್ ಆಗೋದು ಟೋಕನ್ ಮೇಲೆ, ಪಾತ್ (ಎಪಿಐ ವಿಳಾಸದ ಭಾಗ) ಮೇಲೆ ಅಲ್ಲ. ಹಾಗಾಗಿ ಈಗ ಕರೆದ ಒಂದೇ ಪಾತ್‌ಗೆ ಅನುಮತಿ ಅಂತ ಪಾಲಿಸಿ ವಾಪಸ್ ಕೊಟ್ರೆ, ಅದೇ ಟೋಕನ್‌ನಿಂದ ಬೇರೆ ಪಾತ್ ಕರೆದಾಗ ಸುಮ್‌ಸುಮ್ನೆ 403 (ಅನುಮತಿ ಇಲ್ಲ) ಎರರ್ ಬರತ್ತೆ. ಕಾರಣ ಗೊತ್ತಾಗ್ದೆ ಯಾರೋ ಪಾಲಿಸಿಗೆ ಒಂದು ಸ್ಟಾರ್ (ಎಲ್ಲಾ ಪಾತ್‌ಗೂ ಅನುಮತಿ) ಹಾಕ್ತಾರೆ, ಎರರ್ ಹೋಗತ್ತೆ, ಜೊತೆಗೆ ಸಾಮಾನ್ಯ ಯೂಸರ್ ಅಡ್ಮಿನ್ ಪಾತ್‌ಗೂ ನುಗ್ಗಬಹುದು. ಸರಿಯಾದ ದಾರಿ ಅಂದ್ರೆ ಆ ಯೂಸರ್‌ಗೆ ಯಾವ್ಯಾವ ಪಾತ್ ಸಲ್ಲತ್ತೋ ಅಷ್ಟನ್ನೂ ಒಂದೇ ಪಾಲಿಸಿಲಿ ಬರೆದು ಕೊಡೋದು. ಇನ್ನೊಂದು, ಯೂಸರ್‌ನ ಬ್ಲಾಕ್ ಮಾಡಿದ್ರೂ ಕ್ಯಾಶ್ ಮುಗಿಯೋವರೆಗೂ ಅವ್ನು ಒಳಗೇ ಇರ್ತಾನೆ. ದುಡ್ಡು ವರ್ಗಾವಣೆ ಥರದ ಎಪಿಐಗಳಿಗೆ ಕ್ಯಾಶ್ ಸೊನ್ನೆ ಇಡಿ, ಸ್ವಲ್ಪ ನಿಧಾನ ಆದ್ರೂ ಪರ್ವಾಗಿಲ್ಲ.

ಇಷ್ಟೆಲ್ಲ ಆದ್ರೂ ಬಾಗಿಲಲ್ಲಿ ನಿಂತವ್ರು ಯಾರು ಅಂತ ಗೊತ್ತಾಯ್ತು ಅಷ್ಟೇ. ಆರ್ಡರ್ 1042 ತನ್ನದೇ ಇರೋ ಯೂಸರ್ ಯುಆರ್‌ಎಲ್‌ನಲ್ಲಿ 1043 ಅಂತ ಬದಲಾಯಿಸಿದ್ರೆ? ಟೋಕನ್ ಸರಿ ಇದೆ, ಗೇಟ್‌ವೇ ಬಿಡತ್ತೆ, ಫಂಕ್ಷನ್ ಬೇರೆಯವ್ರ ಆರ್ಡರ್ ತೆಗೆದು ಕೊಡತ್ತೆ. ಸಾಫ್ಟ್‌ವೇರ್ ಸೆಕ್ಯುರಿಟಿ ಸಂಸ್ಥೆ ಓವಾಸ್ಪ್‌ನವ್ರ 2023ರ ಎಪಿಐ ಅಪಾಯಗಳ ಪಟ್ಟಿಲಿ ಮೊದಲನೇದೇ ಇದು. ಯೂಸರ್ ಐಡಿನ ಯಾವತ್ತೂ ರಿಕ್ವೆಸ್ಟ್ ಬಾಡಿಯಿಂದ ತಗೋಬೇಡಿ, ವೆರಿಫೈ ಆದ ಟೋಕನ್‌ನಿಂದ ತಗೊಂಡು ಡೇಟಾಬೇಸ್ ಕ್ವೆರಿ ಒಳಗೇ ಸೇರಿಸಿ. ಎಡಬ್ಲ್ಯುಎಸ್‌ನ ಡೇಟಾಬೇಸ್ ಡೈನಮೋಡಿಬಿ ಆದ್ರೆ ಪಾರ್ಟಿಷನ್ ಕೀನೇ (ಕ್ವೆರಿಲಿ ಕೊಡಲೇಬೇಕಾದ ಕೀ) ಯೂಸರ್ ಐಡಿ ಮಾಡಿದ್ರೆ ಚೆಕ್ ಮರೆಯೋ ಸಾಧ್ಯತೆ ತುಂಬಾ ಕಮ್ಮಿ. ಇಬ್ರು ಟೆಸ್ಟ್ ಯೂಸರ್ ಇಟ್ಕೊಂಡು, ಒಬ್ರ ಟೋಕನ್‌ನಿಂದ ಇನ್ನೊಬ್ರ ರೆಕಾರ್ಡ್ ಕೇಳೋ ಟೆಸ್ಟ್ ಪ್ರತಿ ಡಿಪ್ಲಾಯ್‌ಗೂ ಓಡಿಸಿ, ಡೇಟಾ ಬಂದ್ರೆ ಡಿಪ್ಲಾಯ್ ನಿಲ್ಬೇಕು.

ಫಂಕ್ಷನ್‌ನ ರೋಲ್‌ಗೂ (ಅದಕ್ಕೆ ಕೊಟ್ಟಿರೋ ಪರ್ಮಿಷನ್‌ಗಳು) ಅದೇ ಮಾತು, ಬರೀ ಓದೋ ಫಂಕ್ಷನ್‌ಗೆ ಡಿಲೀಟ್ ಪರ್ಮಿಷನ್ ಯಾಕೆ?

ಕೊನೇದಾಗಿ ಲಾಗ್. ಡೀಬಗ್ ಮಾಡೋಕೆ ಇಡೀ ಇವೆಂಟ್ (ಫಂಕ್ಷನ್‌ಗೆ ಬಂದ ರಿಕ್ವೆಸ್ಟ್) ಪ್ರಿಂಟ್ ಮಾಡೋ ಅಭ್ಯಾಸ ಎಲ್ಲಾ ಕಡೆ ಇದೆ, ಅದ್ರ ಹೆಡರ್‌ನಲ್ಲಿ ಜೀವಂತ ಟೋಕನ್ ಇರತ್ತೆ, ಲಾಗ್ ಓದೋ ಪರ್ಮಿಷನ್ ಇರೋರೆಲ್ಲ ಅದನ್ನ ಎತ್ಕೊಂಡು ಅದ್ರ ಅವಧಿ ಮುಗಿಯೋವರೆಗೂ ಆ ಯೂಸರ್ ಆಗ್ಬಿಡಬಹುದು. ಎಡಬ್ಲ್ಯುಎಸ್ ಲಾಗ್ ಇಡೋ ಕ್ಲೌಡ್‌ವಾಚ್‌ನಲ್ಲಿ ಲಾಗ್ ನೀವು ಹೇಳದಿದ್ರೆ ತಾನಾಗೇ ಅಳಿಸಿಹೋಗಲ್ಲ. ಯೂಸರ್ ಐಡಿ, ಪಾತ್, ಬಿಟ್ವಾ ತಡೆದ್ವಾ ಅನ್ನೋದು, ರಿಕ್ವೆಸ್ಟ್ ಐಡಿ, ಇಷ್ಟು ಬರೆದ್ರೆ ತನಿಖೆಗೆ ಬೇಕಾದ್ದು ಸಿಗತ್ತೆ.