ಬಕೆಟ್ ಬಿಸಿ ಆಯ್ತಾ? ಹಾಗಾದರೆ ಎಸಿ ಸರಿ ಇದೆ

ಎಸಿ ತಣ್ಣಗೆ ಮಾಡದಿದ್ದರೆ ನಮ್ಮಲ್ಲಿ ಮೊದಲು ಬರುವ ಮಾತು, ‘ಗ್ಯಾಸ್ ಖಾಲಿ ಆಗಿರಬೇಕು’. ಅದೇನು ಒಲೆಯಲ್ಲಿ ಉರಿಯುತ್ತಾ, ಖಾಲಿಯಾಗಲು? ಎಲ್ಲಾದರೂ ಸೋರದಿದ್ದರೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಸುರಿದು ಬರುವ ಹಮಾಲಿ ಅದು. ಸುರಿಯಲು ಜಾಗವೇ ಇಲ್ಲದಿದ್ದರೆ? ನೀರಿನಿಂದ ಮೇಲೆತ್ತಿದ ದೋಣಿಯಲ್ಲಿ ಆಗುವುದು ಇದೇ.

ಅಮೆರಿಕದ ಫ್ಲೋರಿಡಾ ಸೆಕೆಯ ನಾಡು. ಅಲ್ಲಿನ ಫೋರ್ಟ್ ಲಾಡರ್‌ಡೇಲ್‌ನಂಥ ಊರುಗಳಲ್ಲಿ ಮಲಗುವ ಕೋಣೆಯಿರುವ ದೋಣಿಗೆ ಎಸಿ ಬೇಕೇ ಬೇಕು. ತಳಕ್ಕೆ ಬಣ್ಣ ಬಳಿಯಲು, ಕೊಳ್ಳುವವರಿಗೆ ತೋರಿಸಲು ದೋಣಿಯನ್ನು ದಡಕ್ಕೆತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸುತ್ತಾರೆ. ಮನೆಯ ಎಸಿಗೆ ಹೊರಗೊಂದು ಪೆಟ್ಟಿಗೆ, ಅದರಲ್ಲಿ ಫ್ಯಾನು. ದೋಣಿಯಲ್ಲಿ ಫ್ಯಾನಿನ ಕೆಲಸ ಸಮುದ್ರದ್ದು. ಪಂಪು ತಳದ ತೂತಿನಿಂದ ಉಪ್ಪುನೀರು ತಂದು ಸುರುಳಿ ಕೊಳವೆಯಲ್ಲಿ ಹಾಯಿಸಿ, ಗ್ಯಾಸಿನ ಬಿಸಿಯ ಸಮೇತ ಹೊರಗೆ ಚೆಲ್ಲುತ್ತದೆ.

ದಡದಲ್ಲಿ ‘ಸುಮ್ನೆ ಒಂದು ನಿಮಿಷ’ ಅಂತ ಆನ್ ಮಾಡಿದರೆ ಕಥೆ ಬೇರೆ. ತುಂಬಿದ ಬಸ್ಸು, ಇಳಿಯುವ ಬಾಗಿಲು ತೆಗೆಯುತ್ತಿಲ್ಲ, ಹತ್ತುವವರು ಹತ್ತುತ್ತಲೇ ಇದ್ದಾರೆ. ಅಥವಾ ವಿಸಿಲ್ ಕಟ್ಟಿಕೊಂಡ ಕುಕ್ಕರ್ ಅನ್ನಿ. ಗ್ಯಾಸಿನ ಒತ್ತಡ ಏರಿ ಏರಿ, ಕೊನೆಗೆ ರಕ್ಷಣೆಯ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ‘ನೋಡಿ, ಎಸಿ ಕೆಟ್ಟಿದೆ’ ಅನ್ನುತ್ತಾರೆ. ಕೆಟ್ಟಿಲ್ಲ ಸ್ವಾಮಿ, ಉಸಿರು ಕಟ್ಟಿದೆ. ನಿಜವಾಗಿ ಕೆಡಬಹುದಾದದ್ದು ಒಣಗಿ ತಿರುಗಿದ ಪಂಪು.

ಮದ್ದು ಒಂದು ಬಕೆಟ್. ಪಂಪಿಗೆ ನೀರು ತರುವ ಪೈಪು, ಸುರುಳಿಯಿಂದ ನೀರು ಹೊರಹಾಕುವ ಪೈಪು ಎರಡನ್ನೂ ಬಿಚ್ಚಿ 20 ಲೀಟರ್ ನೀರು ತುಂಬಿದ ಬಕೆಟ್‌ನಲ್ಲಿ ಇಳಿಬಿಡಬೇಕು. ಬಕೆಟ್ ಪಂಪಿಗಿಂತ ಮೇಲಿರಲಿ. ಈ ಪಂಪು ನೀರು ತಳ್ಳುತ್ತದೆ, ಗಾಳಿ ತುಂಬಿದ್ದರೆ ಎಳೆಯಲು ಬಾರದು. ಬಾವಿಕಟ್ಟೆಯ ಪಂಪ್‌ಸೆಟ್‌ಗೆ ಕೊಡದಲ್ಲಿ ನೀರು ಹುಯ್ದು ಚಾಲೂ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಲ್ಲಿಯ ಪೈಪನ್ನೇ ನೇರ ಸುರುಳಿಗೆ ಸಿಕ್ಕಿಸಿದರೂ ಎಸಿ ಓಡುತ್ತದೆ, ಆದರೆ ಪಂಪಿನ ಪರೀಕ್ಷೆ ಆಗುವುದಿಲ್ಲ.

ಈಗ ಬಕೆಟ್‌ನಲ್ಲಿ ಒಂದು ಥರ್ಮಾಮೀಟರ್ ಇಡಿ. ನನಗೆ ಇಷ್ಟವಾದ ಭಾಗ ಇದು. 16,000 ಬಿಟಿಯು (ಗಂಟೆಗೆ ಎಷ್ಟು ಬಿಸಿ ಹೊರುತ್ತದೆ ಅನ್ನುವ ಅಳತೆ) ಎಸಿ ಕೋಣೆಯಿಂದ ಸೆಕೆಂಡಿಗೆ ಸುಮಾರು 4.7 ಕಿಲೋಜೂಲ್ ಬಿಸಿ ಹೊರುತ್ತದೆ. ಕಂಪ್ರೆಸರ್ ತಿಂದ ಕರೆಂಟೂ ಬಿಸಿಯಾಗಿ ಅದಕ್ಕೇ ಸೇರುತ್ತದೆ. ಒಟ್ಟು 6 ಅಂತಿಟ್ಟುಕೊಳ್ಳೋಣ. 20 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 84 ಕಿಲೋಜೂಲ್ ಬೇಕು. ಅಂದರೆ 14 ಸೆಕೆಂಡಿಗೆ ಒಂದು ಡಿಗ್ರಿ! 28 ಡಿಗ್ರಿಯ ನೀರು ನಾಲ್ಕೇ ನಿಮಿಷದಲ್ಲಿ 45 ದಾಟುತ್ತದೆ. ನೀರು ಬಿಸಿಯಾಯಿತು ಅಂತ ಗಾಬರಿ ಬೀಳುವವರುಂಟು. ಆದರೆ ಆ ಬಿಸಿಯೇ ಎಸಿಯ ಅಂಕಪಟ್ಟಿ ಅಲ್ವಾ? ಒಂದು ಡಿಗ್ರಿಗೆ 40 ಸೆಕೆಂಡ್ ಹಿಡಿದರೆ ಅನುಮಾನ ಪಡಿ.

ಇನ್ನೂ ಸ್ವಲ್ಪ ಹೊತ್ತು ಓಡಿಸಬೇಕೇ? ಐಸ್ ಹಾಕಿ. ಒಂದು ಕಿಲೋ ಐಸ್ ಕರಗುತ್ತಾ 334 ಕಿಲೋಜೂಲ್ ನುಂಗುತ್ತದೆ, ಹತ್ತಿರಹತ್ತಿರ ಒಂದು ನಿಮಿಷದ ಬಿಸಿ. ಎಸಿಯ ‘ಟನ್’ ಹುಟ್ಟಿದ್ದೂ ಐಸಿನಿಂದಲೇ. ಎಸಿ ಬರುವ ಮುಂಚೆ ತಂಪು ಅಂದರೆ ಐಸ್ ಗಡ್ಡೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಸುಮಾರು 180 ಟನ್ ಐಸನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ್ದ, ನಾಲ್ಕು ತಿಂಗಳ ಮೇಲೂ ಸುಮಾರು 100 ಟನ್ ಉಳಿದು ಬಂದಿತ್ತು. ಒಂದು ಅಮೆರಿಕನ್ ಟನ್, ಅಂದರೆ 907 ಕಿಲೋ ಐಸ್, ಒಂದು ದಿನದಲ್ಲಿ ಕರಗುವಾಗ ಹೀರುವ ಬಿಸಿಯೇ ನಮ್ಮ ‘ಒಂದು ಟನ್ ಎಸಿ’. ಅದು ಎಸಿಯ ತೂಕ ಅಂದುಕೊಂಡವರೇ ಜಾಸ್ತಿ.

ಐಸ್ ಸಿಗದಿದ್ದರೂ ಪರವಾಗಿಲ್ಲ. ದೋಣಿಯ ಎಷ್ಟೋ ಎಸಿಗಳು ಚಳಿಗಾಲಕ್ಕೆ ಉಲ್ಟಾ ಓಡುತ್ತವೆ: ನೀರಿನಿಂದ ಬಿಸಿ ಹೀರಿ ಕೋಣೆಗೆ ಸುರಿಯುತ್ತವೆ. ಬಕೆಟ್ 40 ಡಿಗ್ರಿ ತಲುಪಿದಾಗ ಎಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ‘ಹೀಟ್’ಗೆ ಹಾಕಿ. ಅದೇ ನೀರು ಕೈಗೆ ತಣ್ಣಗಾಗುತ್ತಾ ಬರುತ್ತದೆ. 15 ಡಿಗ್ರಿಗೆ ಬಂದಾಗ ಮತ್ತೆ ‘ಕೂಲ್’.